ಪ್ರತಿ ಮಗುವಿಗೂ ಒಂದು ಗೂಡು

ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಚಾಕಿ ಹುಳು (ಎಳೆಯ ರೇಷ್ಮೆ ಹುಳು) ಮನೆಗೆ ಬರುವ ಮೊದಲು ನಡೆಯುವ ಸಿದ್ಧತೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಹುಳು ಮನೆಯ ನೆಲ, ಗೋಡೆ ತೊಳೆಯುತ್ತಾರೆ. ಬ್ಲೀಚಿಂಗ್ ಪುಡಿ, ಸುಣ್ಣದ ನೀರು ಹೊಡೆಯುತ್ತಾರೆ. ತಟ್ಟೆ, ಬಲೆ, ಹುಳು ಗೂಡು ಕಟ್ಟುವ ಚಂದ್ರಂಕಿ ಎಲ್ಲವೂ ಬಿಸಿಲಿಗೆ ಬೀಳುತ್ತವೆ. ಊಜಿ ನೊಣ ಒಳಗೆ ಬಾರದಂತೆ ಕಿಟಕಿಯ ಜಾಲರಿಯ ತೂತು ಮುಚ್ಚುತ್ತಾರೆ. ತೋಟದಲ್ಲಿ ಎಷ್ಟು ಸೊಪ್ಪಿದೆ ಎಂದು ಲೆಕ್ಕ ಹಾಕಿ, ಅಷ್ಟಕ್ಕೆ ತಕ್ಕಷ್ಟೇ ಹುಳು ತರುತ್ತಾರೆ. ಹುಳು ಬಂದ ಮೇಲೆ ಹುಡುಕಾಟಕ್ಕೆ ಹೊತ್ತಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಅದೇ ಮನೆಯಲ್ಲಿ ಶಾಲೆ ಶುರುವಾದ ಮೊದಲ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಒಂದು ಕಾಲಿನ ಸಾಕ್ಸ್ ಮಾತ್ರ ಸಿಗುತ್ತದೆ. ನೀರಿನ ಬಾಟಲಿಗೆ ಮುಚ್ಚಳ ಇಲ್ಲ. ಆಧಾರ್ ನಕಲು ಯಾವ ಪೆಟ್ಟಿಗೆಯಲ್ಲಿದೆಯೋ ತಿಳಿಯದು. ಅಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಾಳೆ, ಮಗು ಅಳುವ ಮೊಗದಲ್ಲೇ ಗೇಟು ದಾಟುತ್ತದೆ. ಹುಳುವಿಗೆ ಮಾಡುವ ಸಿದ್ಧತೆಯನ್ನು ಮಗುವಿಗೂ ಮಾಡಬೇಕು, ಅದಕ್ಕೆ ಬೇಕಾದ ಬುದ್ಧಿ ನಮ್ಮೂರಿನವರಿಗೆ ಆಗಲೇ ಇದೆ ಎಂದು ಹೇಳಲು ಈ ಲೇಖನ.

ನಮ್ಮ ರಾಜ್ಯದಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಯ ವಾರದಲ್ಲಿ. 2025ರಲ್ಲಿ ಮೇ 29ರಂದು ತೆರೆಯಿತು. ಅಂದರೆ ಮೇ ತಿಂಗಳ ಮೊದಲ ವಾರದಲ್ಲಿ ಕೆಲಸ ಶುರು ಮಾಡಿದರೆ ಮೂರು ವಾರ ಕೈಯಲ್ಲಿರುತ್ತದೆ. ಅಷ್ಟು ಸಾಕು.

ಮೊದಲು ಖಾಲಿ ಮಾಡಿ

ಅಂಗಡಿಗೆ ಹೋಗುವ ಮೊದಲು ಹಳೆಯದನ್ನೆಲ್ಲ ಹೊರಗೆ ತೆಗೆಯಿರಿ. ಒಂದು ಭಾನುವಾರ ಜಗಲಿಯ ಮೇಲೆ ಚಾಪೆ ಹಾಸಿ, ಕಳೆದ ವರ್ಷದ ಬ್ಯಾಗು, ಪುಸ್ತಕ, ನೋಟ್‌ಬುಕ್, ಕಂಪಾಸ್ ಪೆಟ್ಟಿಗೆ, ಬಟ್ಟೆ, ಶೂ ಎಲ್ಲವನ್ನೂ ಮಕ್ಕಳ ಕೈಯಲ್ಲೇ ಸುರಿಸಿ. ಅದನ್ನು ನಾಲ್ಕು ಗುಡ್ಡೆ ಮಾಡಿ: ಈ ವರ್ಷವೂ ಬಳಸುವುದು, ತಮ್ಮ ತಂಗಿಗೆ ಬರುವುದು, ಬೇರೆಯವರಿಗೆ ಕೊಡುವುದು, ರದ್ದಿಗೆ ಹೋಗುವುದು.

ಅರ್ಧ ಬರೆದ ನೋಟ್‌ಬುಕ್‌ಗಳ ಖಾಲಿ ಹಾಳೆ ಹರಿದು ದಾರ ಹಾಕಿ ಹೊಲಿದರೆ ಲೆಕ್ಕ ಮಾಡಲು ಒಳ್ಳೆಯ ಕಚ್ಚಾ ಪುಸ್ತಕ. ಕಳೆದ ವರ್ಷದ ಗಣಿತ ಮತ್ತು ಭಾಷೆಯ ಪಠ್ಯಪುಸ್ತಕವನ್ನು ಮೊದಲ ತಿಂಗಳು ಯಾರಿಗೂ ಕೊಡಬೇಡಿ; ಹಿಂದಿನ ಪಾಠ ಮರೆತಿದ್ದರೆ ತಿರುಗಿ ನೋಡಲು ಬೇಕಾಗುತ್ತದೆ. ಉಳಿದದ್ದನ್ನು ಪಕ್ಕದ ಮನೆಯ ಮಗುವಿಗೆ ಕೊಡಿ.

ಈ ಕೆಲಸ ಮುಗಿದ ಮೇಲೆಯೇ ಕೊಳ್ಳುವ ಪಟ್ಟಿ ಬರೆಯಿರಿ. ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸ್ ಉಚಿತವಾಗಿ ಬರುತ್ತವೆ. ಅವು ಯಾವಾಗ ಕೈಸೇರುತ್ತವೆ ಎಂದು ಶಾಲೆಯಲ್ಲಿ ಕೇಳಿಕೊಂಡು, ಅಲ್ಲಿಯತನಕ ಹಳೆಯ ಜೊತೆ ಸಾಲುತ್ತದೆಯೇ ಎಂದು ನೋಡಿ. ಸಿಗುವ ವಸ್ತುವಿಗೆ ದುಡ್ಡು ಹಾಕಿದರೆ, ಸಿಗದ ವಸ್ತುವಿಗೆ ಸಾಲ ಮಾಡಬೇಕಾಗುತ್ತದೆ.

ಒಬ್ಬೊಬ್ಬರಿಗೆ ಒಂದೊಂದು ಗೂಡು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಗೋಡೆಯೊಳಗೇ ಗೂಡುಗಳಿರುತ್ತವೆ. ದೀಪಕ್ಕೊಂದು, ಎಲೆ ಅಡಿಕೆ ತಟ್ಟೆಗೊಂದು, ತಾತನ ಕನ್ನಡಕಕ್ಕೊಂದು. ಕತ್ತಲಲ್ಲೂ ಕೈ ನೇರ ಅಲ್ಲಿಗೇ ಹೋಗುತ್ತದೆ. ಅಚ್ಚುಕಟ್ಟು ಎಂದರೆ ಇಷ್ಟೇ.

ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಓದುವ ಕೋಣೆ ಎಲ್ಲಿಂದ ತರುವುದು ಎಂದು ಕೇಳುವವರಿಗೆ ನನ್ನ ಉತ್ತರ ಇದು: ಕೋಣೆ ಬೇಡ, ಗೂಡು ಕೊಡಿ. ಗೋಡೆಯ ಗೂಡು ಇಲ್ಲದಿದ್ದರೆ ಮರದ ಹಣ್ಣಿನ ಪೆಟ್ಟಿಗೆಯನ್ನು ಉಜ್ಜಿ, ಬಣ್ಣ ಹೊಡೆದು, ಅಡ್ಡಲಾಗಿ ನಿಲ್ಲಿಸಿ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಕೂಡ ಆಗುತ್ತದೆ. ಅದರ ಮೇಲೆ ಮಗುವಿನ ಹೆಸರು ಮಗುವೇ ಬರೆಯಲಿ. ಅದರೊಳಗೆ ಅವರ ಪುಸ್ತಕ, ಪೆನ್ಸಿಲ್ ಡಬ್ಬಿ, ಬಣ್ಣ ಮಾತ್ರ. ಮನೆಯ ಬೇರೆ ಯಾರೂ ಅಲ್ಲಿ ಔಷಧಿ ಚೀಟಿ, ಕರೆಂಟ್ ಬಿಲ್ಲು, ಬೀಗದ ಕೈ ತುರುಕಬಾರದು. ಇದು ದೊಡ್ಡವರು ಪಾಲಿಸಬೇಕಾದ ನಿಯಮ, ಮತ್ತು ಮೊದಲು ಮುರಿಯುವವರೂ ದೊಡ್ಡವರೇ.

ಓದಲು ಕೂರುವ ಜಾಗ ದಿನವೂ ಒಂದೇ ಇರಲಿ. ಬರೆಯುವ ಕೈ ಬಲಗೈಯಾದರೆ ಬೆಳಕು ಎಡಗಡೆಯಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ನೆಲದ ಮೇಲೆ ಕೂತು ಬರೆಯುವ ಮಗುವಿಗೆ ಇಳಿಜಾರಿನ ಬರೆಯುವ ಮಣೆ ಕೊಟ್ಟರೆ ಬೆನ್ನು ಬಾಗುವುದಿಲ್ಲ. ಟಿ.ವಿ. ಇರುವ ಗೋಡೆಗೆ ಬೆನ್ನು ಮಾಡಿ ಕೂರಿಸಿ. ಕರೆಂಟು ಹೋದಾಗ ಕೈಗೆ ಸಿಗುವಂತೆ ಚಾರ್ಜ್ ಮಾಡಿದ ದೀಪವೊಂದು ಆ ಗೂಡಿನ ಮೇಲೇ ಇರಲಿ.

ಹುಳು ಮನೆಯ ಮೂಲೆಯಲ್ಲಿ ಓದಿಸುವುದು ಬೇಡ. ಫಾರ್ಮಲಿನ್, ಬ್ಲೀಚಿಂಗ್ ಪುಡಿಯ ಘಾಟು ಮಕ್ಕಳ ಕಣ್ಣು, ಮೂಗು, ಎದೆಗೆ ಒಳ್ಳೆಯದಲ್ಲ. ಆ ಡಬ್ಬಿಗಳು ಬೀಗದೊಳಗೆ ಇರಬೇಕು. ಮನೆಯಲ್ಲೇ ನೂಲು ಬಿಚ್ಚುವವರು ಕುದಿಯುವ ನೀರಿನ ಬಾನಿಯ ಬಳಿ ಮಕ್ಕಳನ್ನು ಬಿಡಬೇಡಿ. ರೇಷ್ಮೆಯ ಊರುಗಳಲ್ಲಿ ಶಾಲೆಗೆ ಹೋಗಬೇಕಾದ ಮಕ್ಕಳು ನೂಲಿನ ಯಂತ್ರದ ಮುಂದೆ ನಿಂತು ಕಳೆದ ಕಾಲವೊಂದಿತ್ತು. ಅದು ತಿರುಗಿ ಬಾರದಿರಲಿ ಎಂದರೆ ಮನೆಯೊಳಗೇ ಒಂದು ಗೆರೆ ಎಳೆಯಬೇಕು.

ಪುಸ್ತಕಕ್ಕೆ ರಟ್ಟು ಹಾಕುವ ಸಂಜೆ

ಹೊಸ ಪುಸ್ತಕ ಬಂದ ದಿನವೇ ರಟ್ಟು ಹಾಕಿಬಿಡಿ. ನಮ್ಮ ಮನೆಯಲ್ಲಿ ಇದಕ್ಕೆ ಬಳಸುವುದು ಕಳೆದ ವರ್ಷದ ಗೋಡೆ ಕ್ಯಾಲೆಂಡರ್. ದಪ್ಪ ಹಾಳೆ, ನೀರು ಬಿದ್ದರೂ ಬೇಗ ಹರಿಯುವುದಿಲ್ಲ.

"ತಾತ, ನನಗೆ ಏಪ್ರಿಲ್ ಹಾಳೆ ಬೇಡ. ಅದ್ರ ತುಂಬಾ ಹಾಲಿನ ಲೆಕ್ಕ ಬರ್ದಿದೆ."

"ಬಿಳಿ ಮಗ್ಗಲು ಮೇಲಕ್ಕೆ ಬರುತ್ತೆ ಕಣೋ. ಲೆಕ್ಕ ಎಲ್ಲ ಒಳಗಡೆ ಹೋಗುತ್ತೆ."

ಹಾಳೆಯನ್ನು ಬಿಳಿ ಮಗ್ಗಲು ಕೆಳಗೆ ಮಾಡಿ ಹಾಸಿ, ಮೇಲೆ ಪುಸ್ತಕವನ್ನು ಬಿಡಿಸಿ ಇಡಿ. ನಾಲ್ಕೂ ಕಡೆ ಮೂರು ಬೆರಳಷ್ಟು ಬಿಟ್ಟು ಕತ್ತರಿಸಿ. ಪುಸ್ತಕದ ಬೆನ್ನು ಬರುವ ಕಡೆ ಮೇಲೆ, ಕೆಳಗೆ ಚಿಕ್ಕ ಕತ್ತರಿ ಗುರುತು ಹಾಕಿ ಆ ತುಂಡನ್ನು ಒಳಕ್ಕೆ ಮಡಿಸಿ. ಮೊದಲು ಮೇಲಿನ ಮತ್ತು ಕೆಳಗಿನ ಅಂಚು, ಆಮೇಲೆ ಪಕ್ಕದ ಅಂಚು ಮಡಿಸಿದರೆ ಮೂಲೆ ಚೂಪಾಗಿ ಕೂರುತ್ತದೆ. ಮಡಿಕೆಯ ಮೇಲೆ ಚಮಚದ ಬೆನ್ನಿನಿಂದ ಒತ್ತಿ ಎಳೆಯಿರಿ. ಪುಸ್ತಕ ಮುಚ್ಚಿ ನೋಡಿ, ಬಿಗಿಯಾಗದಿದ್ದರೆ ಮಾತ್ರ ಅಂಟು ಹಚ್ಚಿ. ಚೀಟಿಯ ಮೇಲೆ ಹೆಸರು, ತರಗತಿ, ವಿಷಯ ಮಗು ಬರೆಯಲಿ. ಅಕ್ಷರ ಸೊಟ್ಟಗಿದ್ದರೂ ತಿದ್ದಬೇಡಿ. ತಾನು ಹೆಸರು ಬರೆದ ಪುಸ್ತಕವನ್ನು ಮಗು ಬಿಸಾಡುವುದು ಕಡಿಮೆ.

ಕನ್ನಡಕ್ಕೆ ಒಂದು ಬಣ್ಣದ ಚೀಟಿ, ಗಣಿತಕ್ಕೆ ಇನ್ನೊಂದು ಎಂದು ಮಾಡಿಕೊಂಡರೆ ಓದಲು ಬಾರದ ಅಜ್ಜಿಯೂ ಮೊಮ್ಮಗಳ ಬ್ಯಾಗು ಜೋಡಿಸಿಕೊಡಬಲ್ಲರು.

ಬ್ಯಾಗನ್ನು ತಕ್ಕಡಿಗೆ ಹಾಕಿ

ರೇಷ್ಮೆ ಗೂಡು ತೂಗುವ ತಕ್ಕಡಿ ಇಲ್ಲಿನ ಎಷ್ಟೋ ಮನೆಗಳಲ್ಲಿದೆ. ಒಂದು ದಿನ ಅದಕ್ಕೆ ಶಾಲೆಯ ಬ್ಯಾಗು ನೇತು ಹಾಕಿ. 2019ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದಂತೆ ಬ್ಯಾಗಿನ ತೂಕ 1 ಮತ್ತು 2ನೇ ತರಗತಿಗೆ 2 ಕೆ.ಜಿ., 3ರಿಂದ 5ಕ್ಕೆ 3 ಕೆ.ಜಿ., 6ರಿಂದ 8ಕ್ಕೆ 4 ಕೆ.ಜಿ., 9 ಮತ್ತು 10ಕ್ಕೆ 5 ಕೆ.ಜಿ. ಮೀರಬಾರದು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಲೆಕ್ಕ ಇನ್ನೂ ಸುಲಭ: ಮಗುವಿನ ತೂಕದ ಹತ್ತನೇ ಒಂದು ಪಾಲು. 20 ಕೆ.ಜಿ. ತೂಗುವ ಮಗುವಿಗೆ 2 ಕೆ.ಜಿ. ಬ್ಯಾಗು.

ತೂಕ ಹೆಚ್ಚಾಗಿದ್ದರೆ ಒಳಗೇನಿದೆ ನೋಡಿ. ಒಂದು ಲೀಟರ್ ನೀರೇ ಒಂದು ಕೆ.ಜಿ. ಶಾಲೆಯಲ್ಲಿ ಶುದ್ಧ ನೀರಿದ್ದರೆ ಅರ್ಧ ಲೀಟರ್ ಬಾಟಲಿ ಸಾಕು. 200 ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ಬದಲು 100 ಪುಟದ್ದು ಕೊಡಿಸಿ. ಸರ್ಕಾರಿ ಪಠ್ಯಪುಸ್ತಕ ಎರಡು ಭಾಗದಲ್ಲಿ ಬಂದಿದ್ದರೆ ಎರಡನೇ ಭಾಗ ದಸರಾ ರಜೆ ಮುಗಿಯುವವರೆಗೆ ಗೂಡಿನಲ್ಲೇ ಇರಲಿ. ವೇಳಾಪಟ್ಟಿಯ ಒಂದು ಪ್ರತಿಯನ್ನು ಗೂಡಿನ ಒಳಗೋಡೆಗೆ ಅಂಟಿಸಿ, ರಾತ್ರಿ ಊಟದ ಮೊದಲು ಅದನ್ನು ನೋಡಿಯೇ ಬ್ಯಾಗು ತುಂಬುವ ಅಭ್ಯಾಸ ಮಾಡಿಸಿ. ಒಂದು, ಎರಡನೇ ತರಗತಿಯ ಮಕ್ಕಳಿಗೆ ಮನೆಕೆಲಸ ಕೊಡುವಂತಿಲ್ಲ ಎಂದೂ 2019ರ ಅದೇ ಆದೇಶ ಹೇಳುತ್ತದೆ. ಅವರ ಬ್ಯಾಗು ತುಂಬುವ ಕಾರಣವೇ ಇಲ್ಲ.

ತುಂಬಿದ ಬ್ಯಾಗಿಗೆ ಬಾಗಿಲ ಬಳಿ ಮಗುವಿನ ಎದೆಯ ಎತ್ತರಕ್ಕೆ ಒಂದು ಮೊಳೆ ಹೊಡೆಯಿರಿ. ಅದರ ಕೆಳಗೆ ಶೂ, ಪಕ್ಕದಲ್ಲಿ ಕೊಡೆ. ಬೆಳಿಗ್ಗೆ ಹುಡುಕುವ ಜಾಗ ಅದೊಂದೇ.

ಒಂದು ಕಡತ, ಎಲ್ಲ ಕಾಗದ

ಮಗುವಿಗೊಂದು ಪ್ಲಾಸ್ಟಿಕ್ ಫೈಲು ಮಾಡಿ. ಅದರಲ್ಲಿರಬೇಕಾದವು: ಜನನ ಪ್ರಮಾಣಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿಯ ನಕಲು, ಬ್ಯಾಂಕ್ ಪಾಸ್‌ಬುಕ್ ನಕಲು, ಹಿಂದಿನ ಅಂಕಪಟ್ಟಿ, ಲಸಿಕೆ ಕಾರ್ಡು, ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೊ. ಫೈಲಿನ ಮೊದಲ ಹಾಳೆಯಲ್ಲಿ ಶಾಲೆಯ ದಾಖಲೆಯಲ್ಲಿರುವ ಮಗುವಿನ ಸ್ಯಾಟ್ಸ್ ಸಂಖ್ಯೆ, ಪ್ರಮಾಣಪತ್ರಗಳ ಆರ್.ಡಿ. ಸಂಖ್ಯೆ, ರಕ್ತದ ಗುಂಪು ದೊಡ್ಡದಾಗಿ ಬರೆದಿಡಿ. ವಿದ್ಯಾರ್ಥಿವೇತನದ ಅರ್ಜಿಗೆ ಪದೇ ಪದೇ ಕೇಳುವುದು ಈ ಸಂಖ್ಯೆಗಳನ್ನೇ.

ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ತಾರೀಕು ನೋಡಿ, ಮುಗಿಯುವಂತಿದ್ದರೆ ಮೇ ತಿಂಗಳಲ್ಲೇ ನಾಡಕಚೇರಿಗೆ ಅರ್ಜಿ ಹಾಕಿ. ವಿಜಯಪುರ ಹೋಬಳಿ ಕೇಂದ್ರವಾದ್ದರಿಂದ ದೇವನಹಳ್ಳಿಯವರೆಗೆ ಹೋಗಬೇಕಿಲ್ಲ. ಮಗುವಿಗೆ 5 ವರ್ಷ ತುಂಬಿದಾಗ ಮತ್ತು 15 ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. 5ರಿಂದ 7 ಹಾಗೂ 15ರಿಂದ 17ರ ನಡುವೆ ಇದು ಉಚಿತ. ಮಗುವಿನ ಹೆಸರಿನ ಕಾಗುಣಿತ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಒಂದೇ ಇದೆಯೇ ಎಂದು ಬೆರಳಿಟ್ಟು ಓದಿ ನೋಡಿ. ಒಂದಕ್ಷರ ತಪ್ಪಿದ್ದರೂ ಹತ್ತನೇ ತರಗತಿಗೆ ಬರುವ ಮೊದಲೇ ಸರಿಮಾಡಿಸಿ.

ನಮ್ಮೂರಿನವರು ಇನ್ನೊಂದು ಎಚ್ಚರ ವಹಿಸಬೇಕು. ಬಿಜಾಪುರ 2014ರ ನವೆಂಬರ್ 1ರಿಂದ ವಿಜಯಪುರವಾಗಿದೆ. ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆಯ ಪಟ್ಟಿ ತೆರೆದಾಗ ಕಾಣುವ ‘ವಿಜಯಪುರ’ ನಮ್ಮದಲ್ಲ, ಅದು ಉತ್ತರ ಕರ್ನಾಟಕದ ಜಿಲ್ಲೆ. ನಾವು ಆರಿಸಬೇಕಾದದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆ, ದೇವನಹಳ್ಳಿ ತಾಲ್ಲೂಕು. ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿರುವುದರಿಂದ ಪಟ್ಟಿಯಲ್ಲಿ ಯಾವ ಹೆಸರಿದೆ ಎಂದು ನೋಡಿಕೊಳ್ಳಿ. ಅರ್ಜಿ ತುಂಬುವ ಹುಡುಗ ಅವಸರದಲ್ಲಿದ್ದರೆ ನೀವೇ ಪರದೆ ನೋಡಿ ಹೇಳಿ.

ಬಸ್ಸಿನಲ್ಲಿ ಹೋಗುವ ಮಕ್ಕಳ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ, ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿರಬೇಕು. ಗಂಡುಮಕ್ಕಳು ವಿದ್ಯಾರ್ಥಿ ಪಾಸು ಮಾಡಿಸಬೇಕು, ಅದರ ಅರ್ಜಿ ಸೇವಾ ಸಿಂಧುವಿನಲ್ಲಿ. ಅಕ್ಕನಿಗೆ ಟಿಕೆಟ್ ಇಲ್ಲ ಎಂದು ತಮ್ಮನ ಪಾಸು ಮರೆಯುವುದು ಬೇಡ.

ಬಟ್ಟೆ, ಶೂ, ಡಬ್ಬಿ

ಸಮವಸ್ತ್ರ ಹೊಲಿಸುವಾಗ ಲಂಗದ, ಪ್ಯಾಂಟಿನ ತುದಿಯಲ್ಲಿ ಮೂರು ಬೆರಳಗಲ ಮಡಿಕೆ ಬಿಡಿಸಿ, ಡಿಸೆಂಬರ್ ಹೊತ್ತಿಗೆ ಬಿಚ್ಚಬಹುದು. ಎರಡೇ ಜೊತೆಯಿದ್ದರೆ ಬುಧವಾರ ಮತ್ತು ಶನಿವಾರ ಸಂಜೆ ಒಗೆಯುವ ದಿನ ಎಂದು ಗೊತ್ತು ಮಾಡಿ. ಶೂ ಕೊಳ್ಳುವುದು ಸಂಜೆ ಹೊತ್ತು, ಸಾಕ್ಸ್ ಹಾಕಿಸಿಯೇ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗವಿರಲಿ. ಎರಡು ಅಳತೆ ದೊಡ್ಡದು ತೆಗೆದರೆ ಮಗು ಎಡವುತ್ತದೆ. ಮಳೆಗೆ ನೆನೆದ ಶೂವಿನೊಳಗೆ ಹಳೆಯ ಪತ್ರಿಕೆಯ ಉಂಡೆ ತುರುಕಿ ಗಾಳಿಗಿಡಿ, ಬೆಳಿಗ್ಗೆ ಹೊತ್ತಿಗೆ ಒಣಗುತ್ತದೆ. ಒಲೆಯ ಬದಿಗಿಟ್ಟರೆ ಅಂಟು ಬಿಡುತ್ತದೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವಿದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆ ಅಥವಾ ಬಾಳೆಹಣ್ಣಿದೆ. ಹಾಗೆಂದು ಬೆಳಿಗ್ಗೆ ಬರೀ ಟೀ ಬಿಸ್ಕತ್ತಿಗೆ ಕಳಿಸಬೇಡಿ. ಒಂಬತ್ತರಿಂದ ಹನ್ನೊಂದರ ತನಕ ಪಾಠ ತಲೆಗೆ ಹೋಗಬೇಕಾದರೆ ಹೊಟ್ಟೆಯಲ್ಲಿ ಏನಾದರೂ ಇರಬೇಕು. ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಹಾಕಿ ಕುಡಿಸಿದರೂ ಒಳ್ಳೆಯ ತಿಂಡಿಯೇ.

ಡಬ್ಬಿ ಕಟ್ಟುವವರು ವಾರದ ಪಟ್ಟಿಯೊಂದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿ: ಚಿತ್ರಾನ್ನ, ರಾಗಿ ರೊಟ್ಟಿ, ಪುದೀನ ಬಾತು, ಚಪಾತಿ ಪಲ್ಯ, ದೋಸೆ, ಉಪ್ಪಿಟ್ಟು. ಬೆಳಿಗ್ಗೆ ಏನು ಮಾಡಲಿ ಎಂಬ ಯೋಚನೆಯೇ ಅರ್ಧ ಹೊತ್ತು ತಿನ್ನುತ್ತದೆ. ತರಕಾರಿ ಹೆಚ್ಚಿಡುವುದು, ಒಗ್ಗರಣೆ ಡಬ್ಬಿ ತುಂಬಿಡುವುದು ರಾತ್ರಿಯ ಕೆಲಸ. ಅದು ಅಮ್ಮನೊಬ್ಬಳದೇ ಆಗಬೇಕಿಲ್ಲ.

ನಿದ್ದೆಯ ಲೆಕ್ಕ, ಫೋನಿನ ಜಾಗ

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ವೈದ್ಯರು. ರಜೆಯಲ್ಲಿ ಹನ್ನೊಂದಕ್ಕೆ ಮಲಗಿದ ಮಗು ಒಂದೇ ರಾತ್ರಿಯಲ್ಲಿ ಬದಲಾಗದು. ಶಾಲೆಗೆ ಹತ್ತು ದಿನ ಮೊದಲಿನಿಂದ ದಿನಕ್ಕೆ ಹತ್ತು ಹದಿನೈದು ನಿಮಿಷ ಹಿಂದಕ್ಕೆ ತನ್ನಿ.

ಫೋನಿಗೂ ಒಂದು ಗೂಡಿರಲಿ, ಅದು ಮಲಗುವ ಕೋಣೆಯಿಂದ ದೂರ ಇರಲಿ. ಪಠ್ಯಪುಸ್ತಕದ ಕ್ಯೂ.ಆರ್. ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ತೆರೆದು ಪಾಠ ನೋಡಬಹುದು, ಆದ್ದರಿಂದ ಫೋನು ಶತ್ರುವಲ್ಲ. ಆದರೆ ಅದನ್ನು ಕೊಡುವ ಹೊತ್ತು, ಹಿಂದಕ್ಕೆ ಪಡೆಯುವ ಹೊತ್ತು ಎರಡೂ ಮೊದಲೇ ಹೇಳಿರಬೇಕು, ಮತ್ತು ಆ ಹೊತ್ತಿನಲ್ಲಿ ನಮ್ಮ ಕೈಯಲ್ಲೂ ಫೋನು ಇರಬಾರದು.

ಬೆಳೆಯೂ ಶಾಲೆಯೂ ಒಂದೇ ಕ್ಯಾಲೆಂಡರ್‌ನಲ್ಲಿ

ಹುಳು ಸಾಕುವ ಮನೆಗೆ ಇದು ಎಲ್ಲಕ್ಕಿಂತ ಮುಖ್ಯ. ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವ ಹಂತ, ಕಳೆದ ಚಾಕಿ ಹುಳು ತಂದರೆ ಅದು ಮೂರು ವಾರದೊಳಗೆ ಗೂಡು ಕಟ್ಟುವಷ್ಟು ಹಣ್ಣಾಗುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ಹುಳು ತನ್ನ ಬದುಕಿನ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ತಿನ್ನುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ಕೈ ಬಿಡುವಿಲ್ಲ. ಅದೇ ವಾರ ಶಾಲೆ ತೆರೆದರೆ ಮಗುವನ್ನು ನೋಡುವವರಿಲ್ಲ.

ಗೋಡೆಯ ಕ್ಯಾಲೆಂಡರ್‌ನಲ್ಲಿ ಹುಳು ತರುವ ದಿನ, ಹಣ್ಣಾಗುವ ವಾರ, ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕುವ ದಿನವನ್ನು ಹಸಿರು ಪೆನ್ನಿನಲ್ಲಿ, ಶಾಲೆ ತೆರೆಯುವ ದಿನ, ಪರೀಕ್ಷೆ, ಪೋಷಕರ ಸಭೆಯನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ. ಎರಡು ಬಣ್ಣ ಒಂದೇ ವಾರದಲ್ಲಿ ಸೇರಿದರೆ ಶಾಲೆಯ ಕೆಲಸವನ್ನು ಹತ್ತು ದಿನ ಮೊದಲೇ ಮುಗಿಸಿ, ಇಲ್ಲವೇ ಹುಳು ತರುವುದನ್ನು ವಾರ ಮುಂದಕ್ಕೆ ಹಾಕಿ. ದೇವನಹಳ್ಳಿಯ ವಿಮಾನ ನಿಲ್ದಾಣದ ಪಾಳಿ ಕೆಲಸಕ್ಕೆ ಹೋಗುವವರು ತಮ್ಮ ರಾತ್ರಿ ಪಾಳಿಯನ್ನು ಅದೇ ಹಾಳೆಯಲ್ಲಿ ಬರೆಯಲಿ. ಮಗುವನ್ನು ಯಾರು ಎಬ್ಬಿಸಬೇಕು, ಯಾರು ಬಸ್ಸು ಹತ್ತಿಸಬೇಕು ಎಂಬುದು ಆಗ ಜಗಳವಿಲ್ಲದೆ ತೀರ್ಮಾನವಾಗುತ್ತದೆ. ಗೂಡು ಮಾರಿದ ಹಣ ಖಾತೆಗೆ ಬಂದ ದಿನವೇ ಶಾಲೆಯ ಪಾಲನ್ನು ಬೇರೆ ತೆಗೆದಿಡಿ.

ಮೂರು ವಾರದ ಕೆಲಸ ಚಿಕ್ಕದಾಗಿ ಹೀಗೆ:

- ಮೊದಲ ವಾರ: ಹಳೆಯದನ್ನು ಸುರಿದು ವಿಂಗಡಿಸಿ, ಕಡತ ನೋಡಿ, ಮುಗಿದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.
- ಎರಡನೇ ವಾರ: ಗೂಡು, ಮೊಳೆ, ಓದುವ ಜಾಗ ಸಿದ್ಧ ಮಾಡಿ, ಬೇಕಾದದ್ದನ್ನು ಮಾತ್ರ ಕೊಳ್ಳಿ, ನಿದ್ದೆಯ ಹೊತ್ತು ಹಿಂದಕ್ಕೆ ತರಲು ಶುರು ಮಾಡಿ.
- ಮೂರನೇ ವಾರ: ಕೈಸೇರಿದ ಪುಸ್ತಕಕ್ಕೆ ರಟ್ಟು ಹಾಕಿ, ಬ್ಯಾಗು ತೂಗಿ, ಒಂದು ಬೆಳಿಗ್ಗೆ ಶಾಲೆಗೆ ಹೊರಟಂತೆಯೇ ಎದ್ದು, ತಿಂದು, ಹೊರಟು ನೋಡಿ.

ಶಾಲೆ ಶುರುವಾಗಿ ಮೊದಲ ಶನಿವಾರ ಬಂದಾಗ ಮತ್ತೆ ಹತ್ತು ನಿಮಿಷ ಕೂತುಕೊಳ್ಳಿ. ಬೆಳೆ ಎತ್ತಿದ ಮೇಲೆ ಎಲ್ಲಿ ತಪ್ಪಿತು, ಯಾವ ತಟ್ಟೆಗೆ ಗಾಳಿ ಸಾಲಲಿಲ್ಲ ಎಂದು ಮಾತಾಡಿಕೊಳ್ಳುವುದಿಲ್ಲವೇ, ಹಾಗೆ. ಮೊಳೆ ಎತ್ತರವಾಯಿತೇ, ಓದುವ ಜಾಗದಲ್ಲಿ ಸದ್ದು ಹೆಚ್ಚೇ, ಡಬ್ಬಿಯಲ್ಲಿ ಯಾವುದು ತಿರುಗಿ ಬಂತು ಎಂದು ವಿಚಾರಿಸಿ. ಹುಳು ಮಾತಾಡುವುದಿಲ್ಲ, ಅದರ ಕಷ್ಟವನ್ನು ನಾವೇ ನೋಡಿ ತಿಳಿಯಬೇಕು. ಮಗುವಿಗೆ ಬಾಯಿದೆ. ಕೇಳಿ, ಹೇಳುತ್ತದೆ.